ಹಿತ್ತಲ ಹಿಂದಿನ ಬಿಳಿ ಹೂ

ಹೋದ ಸಂಚಿಕೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಬಗ್ಗೆ ಬರೆದದ್ದಕ್ಕೆ ಬಹಳ ಪತ್ರಗಳು ಬಂದಿವೆ. ಬರೆದ ಎಲ್ಲ ಸೋದರಿಯರಿಗೂ ವಂದನೆಗಳು. ಅವುಗಳಲ್ಲಿ ಒಂದು ಪತ್ರ ಮಾತ್ರ ಉಪ್ಪಿನಕಾಯಿಯದಲ್ಲ. ಬಬಲೇಶ್ವರದ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ. ಮಳೆ ಶುರುವಾಗಿ ಒಂದೆರಡು ತಿಂಗಳಾಗುವಷ್ಟರಲ್ಲಿ ಅವರಿಗೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಳಕೈ ಸಂದಿಯಲ್ಲಿ ವಿಪರೀತ ತುರಿಕೆ ಏಳುತ್ತದಂತೆ. ದಸರೆಯ ಹೊತ್ತಿಗೆ ಚರ್ಮ ಕಪ್ಪಾಗಿ, ದಪ್ಪಗಾಗಿ, ನಾಲ್ಕು ಜನರ ನಡುವೆ ಹೋಗಲು ನಾಚಿಕೆಯಾಗುತ್ತದಂತೆ. "ಮನೆಯಲ್ಲಿ ಹಿಟ್ಟು ನಾದಲು ಬಿಡುವುದಿಲ್ಲ. ಏನಾದರೂ ಮನೆಮದ್ದು ತಿಳಿಸಿರಿ" ಎಂದು ಕೇಳಿದ್ದಾರೆ.

ನಾನು ವೈದ್ಯಳಲ್ಲ, ಮನೆಮದ್ದು ಹೇಳುವ ಧೈರ್ಯ ನನಗಿಲ್ಲ. ಆದರೆ "ಹಿಟ್ಟು ನಾದಲು ಬಿಡುವುದಿಲ್ಲ" ಎಂಬ ಆ ಒಂದು ಸಾಲು ಓದಿ ನಮ್ಮ ವೈನಿಯ ನೆನಪಾಯಿತು. ಎರಡು ದಿನ ಮನಸ್ಸಿಗೆ ಸಮಾಧಾನವೇ ಇರಲಿಲ್ಲ.

ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಎನ್ನುತ್ತೇವೆ. ನನ್ನ ತವರು ತಿಕೋಟಾ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಟರೆ ದ್ರಾಕ್ಷಿ ತೋಟ, ಮಣೂಕ ಒಣಗಿಸುವ ಶೆಡ್ಡು ಕಾಣತೊಡಗುತ್ತವೆ, ಅಷ್ಟರಲ್ಲಿ ಊರು ಬಂತು. ವೈನಿಯ ಕೈಯ ಜೋಳದ ರೊಟ್ಟಿ ಎಂದರೆ ಓಣಿಗೆಲ್ಲ ಹೆಸರು. ಬಡಿಯುವ ಸಪ್ಪಳ ಕೇಳಿದರೇ ಹಸಿವಾಗಬೇಕು, ಹಾಗೆ. ಅಂಥವರಿಗೆ ಒಂದು ವರ್ಷ ಶ್ರಾವಣದಲ್ಲಿ ಶುರುವಾಯಿತು ನೋಡಿ, ಈ ತುರಿಕೆ. ಉಷ್ಣ ಎಂದರು, ದೃಷ್ಟಿ ಎಂದರು, ತದ್ದು ಎಂದರು. ಅರಿಷಿಣ ಹಚ್ಚಿದ್ದಾಯಿತು, ಬೇವಿನ ಎಲೆ ಕುದಿಸಿ ಮೈಮೇಲೆ ಹೊಯ್ದುಕೊಂಡದ್ದಾಯಿತು, ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚಿದ್ದಾಯಿತು. ಮುಲಾಮು ಹಚ್ಚಿದಾಗ ಕಡಿಮೆ, ಬಿಟ್ಟರೆ ದುಪ್ಪಟ್ಟು. ಎರಡನೆಯ ವರ್ಷ ರೆಪ್ಪೆ ಬಾತು ಮುಖದ ಗುರುತೇ ಸಿಗದಂತಾಯಿತು. ಆಗ ಓಣಿಯಲ್ಲೊಂದು ಕುಬುಸದ ಕಾರ್ಯ ಬಂತು. ಮುತ್ತೈದೆಯರನ್ನೆಲ್ಲ ಆರತಿಗೆ ಕರೆದರು, ವೈನಿಯನ್ನು ಕರೆಯಲಿಲ್ಲ. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ. ಅವರೇ ಮೆಲ್ಲಗೆ ಎದ್ದು ಮನೆಗೆ ಬಂದರು.

ಬೇರೆಯವರ ಮಾತೇಕೆ, ನಾನೇನು ಕಡಿಮೆ? ನನ್ನ ಮಗಳ ಕೂಸನ್ನು ಎತ್ತಿಕೊಳ್ಳಲು ವೈನಿ ಕೈ ಚಾಚಿದಾಗ "ಮಲಗೇದ, ಇರಲಿ ಬಿಡ್ರಿ ವೈನಿ" ಎಂದುಬಿಟ್ಟೆ. ಕೂಸು ಕಣ್ಣು ಬಿಟ್ಟುಕೊಂಡು ನಗುತ್ತಲೇ ಇತ್ತು. ವೈನಿ ಕೈ ಹಿಂದಕ್ಕೆ ತೆಗೆದುಕೊಂಡದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಕೊನೆಗೆ ಅಣ್ಣ ವಿಜಯಪುರಕ್ಕೆ ಕರೆತಂದ. ಚರ್ಮದ ಡಾಕ್ಟರು ಕುತ್ತಿಗೆ, ರೆಪ್ಪೆ, ಮೊಳಕೈ ನೋಡಿದರು. ಬಟ್ಟೆಯಿಂದ ಮುಚ್ಚಿದ ಕಡೆ ತುರಿಕೆ ಅಷ್ಟಾಗಿ ಇಲ್ಲ ಎಂಬುದನ್ನು ಕೇಳಿ ತಿಳಿದುಕೊಂಡರು. ಆಮೇಲೆ ಒಂದೇ ಪ್ರಶ್ನೆ: "ಮನಿ ಹಿಂದ ಕಾಂಗ್ರೆಸ್ ಕಸ ಅದ ಏನ್ರಿ?"

ಇತ್ತು. ಮನೆಯ ಹಿಂದಿನ ಖಾಲಿ ಪ್ಲಾಟಿನಲ್ಲಿ ಎದೆಯೆತ್ತರ ಬೆಳೆದಿತ್ತು. ವೈನಿ ಪ್ರತಿ ವರ್ಷ ಪಂಚಮಿ ಬಂತೆಂದು ಅದನ್ನೇ ಬರಿಗೈಯಲ್ಲಿ ಕಿತ್ತು ಹಾಕುತ್ತಿದ್ದರು! "ಇದು ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ ಅಲ್ಲ" ಎಂದು ಡಾಕ್ಟರು ಹೇಳಿದಾಗ ವೈನಿ ಅಲ್ಲೇ ಕಣ್ಣೀರು ಹಾಕಿದರಂತೆ.

ಈ ಗಿಡ ನೀವೆಲ್ಲ ನೋಡಿದ್ದೇ. ಗಜ್ಜರಿ ಎಲೆಯಂಥ ಎಲೆ, ಸಣ್ಣ ಸಣ್ಣ ಬಿಳಿ ಹೂ. ಪುಸ್ತಕದ ಹೆಸರು ಪಾರ್ಥೇನಿಯಂ. ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ ಬಿಸಿ ಸೀಮೆಯದು. ನಮ್ಮ ದೇಶದಲ್ಲಿ 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಬಂತೆಂದು ಹೇಳುತ್ತಾರೆ. ಕಾಂಗ್ರೆಸ್ ಕಸ ಎಂಬ ಹೆಸರು ಏಕೆ ಬಂತೆಂದರೆ, ಹೂ ಗಾಂಧಿ ಟೋಪಿಯ ಹಾಗೆ ಬೆಳ್ಳಗಿದೆ ಎಂದು ಕೆಲವರು, ಆ ಗೋಧಿ ಬಂದ ಕಾಲದ ಸರ್ಕಾರದ ಹೆಸರು ಎಂದು ಕೆಲವರು. ಪಕ್ಷದ ಮಾತು ನಮಗೆ ಬೇಡ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಹಾನಿಕಾರಕ ಕಳೆ ಎಂದು ಸಾರಿತು. ಸಾರಿದ್ದೇನೋ ಸರಿ, ಕೀಳುವವರಾರು? ಹೊಲದಲ್ಲಿ ಬೆಳೆದರೆ ಹೊಲದವರು ತೆಗೆಸುತ್ತಾರೆ. ರಸ್ತೆ ಬದಿ, ಶಾಲೆಯ ಬಯಲು, ಗುಡಿಯ ಹಿಂದೆ, ಗಾಂವಠಾಣ ಜಾಗ, ಕಟ್ಟದೆ ಬಿಟ್ಟ ಪ್ಲಾಟು ಇವು ಎಲ್ಲರದೂ ಹೌದು, ಯಾರದೂ ಅಲ್ಲ. ತಿಕೋಟಾ, ಬಬಲೇಶ್ವರ ಎರಡೂ ತಾಲ್ಲೂಕು ಕೇಂದ್ರಗಳಾದ ಮೇಲೆ ಇಂಥ ಪ್ಲಾಟುಗಳಿಗೇನೂ ಕಡಿಮೆಯಿಲ್ಲ.

ಒಂದು ಗಿಡ 15 ಸಾವಿರದಿಂದ 25 ಸಾವಿರದವರೆಗೆ ಬೀಜ ಬಿಡುತ್ತದೆ. ಹಸಿ ಸಿಕ್ಕರೆ ಸಾಕು, ಮೊಳೆಯುತ್ತದೆ, ಒಂದು ತಿಂಗಳ ಆಚೀಚೆ ಹೂ ಬಿಡುತ್ತದೆ. ಇಲ್ಲೇ ನಾವು ಮೋಸ ಹೋಗುವುದು. ನಮ್ಮ ಲೆಕ್ಕ ಹಬ್ಬದ ಲೆಕ್ಕ. ಪಂಚಮಿಗೆ ಮನೆ ಸಾರಿಸುವಾಗ ಹಿತ್ತಲ ನೆನಪಾಗುತ್ತದೆ, ಆಗ ಕೀಳುತ್ತೇವೆ. ಅಷ್ಟರಲ್ಲಿ ಹೂ ಬಿಟ್ಟು ಪರಾಗ ಉದುರುತ್ತಿರುತ್ತದೆ. ಕೀಳುವ ಕೈಗೂ ಮುಖಕ್ಕೂ ಅದೇ ವಿಷ, ಜಾಡಿಸಿದಲ್ಲೆಲ್ಲ ಮುಂದಿನ ವರ್ಷದ ಬಿತ್ತನೆ! ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಆಗಸ್ಟ್ 16ರಿಂದ 22ರವರೆಗೆ ಇದರ ಜಾಗೃತಿ ಸಪ್ತಾಹ ನಡೆಸುತ್ತ ಬಂದಿದೆ. ಒಳ್ಳೆಯ ಕೆಲಸವೇ, ಆದರೆ ಮೃಗಶಿರ ಮಳೆಗೇ ಕಸ ಹುಟ್ಟಿದ ವರ್ಷ ನಮ್ಮ ಕಡೆಗೆ ಅದು ತಡ ಎಂದು ನನ್ನ ಅನಿಸಿಕೆ. ಕಾರಹುಣ್ಣಿಮೆಗೆ ಸಸಿ ಕಾಣಿಸಿದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಕೈ ಹಚ್ಚಬೇಕು. ಆಗ ಅದು ನೆಲಕ್ಕೆ ಅಂಟಿಕೊಂಡು ತಟ್ಟೆಯಂತೆ ಹರಡಿರುತ್ತದೆ, ಹೂವಿರುವುದಿಲ್ಲ.

ತಿಕೋಟಾದ ನಮ್ಮ ಓಣಿಯ ಹೆಣ್ಣುಮಕ್ಕಳು ಹಾಗೆಯೇ ಮಾಡಿದರು. ವೈನಿಯ ವಿಷಯ ತಿಳಿದ ಮೇಲೆ ಎಲ್ಲರಿಗೂ ಒಳಗೊಳಗೇ ಕಸಿವಿಸಿ. ಕುಬುಸದ ಮನೆಯ ಆಯಿಯೇ ಮೊದಲು ಹೊರಟರು: "ಏಳ್ರವಾ, ನಾವs ಕೀಳೂಣು. ಪಂಚಾಯ್ತಿಯವರು ಬರೂತನಕ ಇದು ಮನಿ ಮ್ಯಾಲ ಬೆಳೀತದ." ನಳಕ್ಕೆ ನೀರು ಬರದ ದಿನ ನೋಡಿ ವಾರಕ್ಕೆ ಎರಡು ಬೆಳಗು, ಆರರಿಂದ ಏಳೂವರೆ. ಎಂಟು ಜನರಿಂದ ಶುರುವಾದದ್ದು ಹದಿನಾಲ್ಕಾಯಿತು. ಒಂದು ದಿನಕ್ಕೆ ನಾನೂ ಹೋಗಿದ್ದೆ. ಸೀರೆಯ ಮೇಲೆ ಗಂಡಂದಿರ ಹಳೆಯ ತುಂಬುತೋಳಿನ ಅಂಗಿ, ಮೂಗು ಬಾಯಿಗೆ ವಸ್ತ್ರ, ಕೈಗೆ ಅಂಗಡಿಯ ಪ್ಲಾಸ್ಟಿಕ್ ಚೀಲ ಕಟ್ಟಿ ಮೇಲೊಂದು ಅರಿವೆ ಸುತ್ತಿದ್ದರು. ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ಅರ್ಧ ಗಂಟೆ ಹೋಯಿತು.

ಎರೆ ಭೂಮಿಯ ಗುಣ ಗೊತ್ತಲ್ಲ, ಮಳೆಯಾದ ದಿನ ಇಳಿದರೆ ಒಂದೊಂದು ಕಾಲಿಗೆ ಎರಡೆರಡು ಸೇರು ಮಣ್ಣು. ಎರಡು ಮೂರು ದಿನ ಬಿಟ್ಟು ಹದ ಬಂದಾಗ ಹೋಗಬೇಕು. ಆಗ ಬೇರು ಸಮೇತ ಬರುತ್ತದೆ. ಇನ್ನೂ ತಡ ಮಾಡಿದರೆ ನೆಲ ಬಿಗಿದು ಕಾಂಡ ಕೈಗೆ ಬಂದು ಬೇರು ಉಳಿಯುತ್ತದೆ, ಮತ್ತೆ ಚಿಗುರುತ್ತದೆ. ಕುಡಗೋಲಿನಿಂದ ಕೊಯ್ದರೂ ಅದೇ ಗತಿ. ಹೂ ಬಿಡದ ಗಿಡವನ್ನು ತಿಪ್ಪೆಗುಂಡಿಗೆ ಸಗಣಿಯ ಜೊತೆ ಹಾಕಿದರೆ ಒಳ್ಳೆಯ ಗೊಬ್ಬರ. ಹೂ ಬಿಟ್ಟದ್ದನ್ನು ಮಾತ್ರ ತಿಪ್ಪೆಗೆ ಹಾಕಬೇಡಿ, ಬೀಜ ಗೊಬ್ಬರದ ಜೊತೆ ಹೊಲ ಸೇರುತ್ತದೆ. ಅದಕ್ಕೆ ಬೇರೆ ಆಳವಾದ ಗುಂಡಿ ತೋಡಿ ಮಣ್ಣು ಮುಚ್ಚಿ. ಎಮ್ಮೆ ಆಕಳಿಗೂ ಹಾಕಬೇಡಿ, ತಿಂದರೆ ಹಾಲು ಕಹಿಯಾಗುತ್ತದೆ.

ವೈನಿ ಕೀಳಲು ಬರುವಂತಿರಲಿಲ್ಲ. ಒಮ್ಮೆ ಮೈಗೆ ಒಗ್ಗದೆ ಹೋದವರು ಆ ಗಿಡದ ಹತ್ತಿರ ಸುಳಿಯಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅವರು ಮನೆಯಲ್ಲೇ ಉಳಿದು, ಬಂದವರಿಗೆಲ್ಲ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮಾಡಿಟ್ಟಿದ್ದರು. ಎಲ್ಲರೂ ಸಾಬೂನು ಹಚ್ಚಿ ಕೈಕಾಲು ಮುಖ ತೊಳೆದು, ಮೇಲಿನ ಅಂಗಿ ತೆಗೆದು ಬೇರೆ ಬಕೆಟ್ಟಿಗೆ ಹಾಕಿ ಪಡಸಾಲೆಯಲ್ಲಿ ಕುಳಿತರು. ಕುಬುಸದ ಮನೆಯ ಆಯಿ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದರು. ವೈನಿ ಮಾತಾಡಲಿಲ್ಲ, ಒಲೆಯ ಕಡೆ ತಿರುಗಿ ಇನ್ನೊಂದು ಬಡಿದರು.

ಇಲ್ಲಿ ಎರಡು ಮಾತು ಕಟುವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಶ್ರಮದಾನ ಎಂದು ಶಾಲೆಯ ಮಕ್ಕಳಿಂದ ಬರಿಗೈಯಲ್ಲಿ ಈ ಕಸ ಕೀಳಿಸುವುದುಂಟು. ನಿಮ್ಮ ಮಗುವಿನ ಶಾಲೆಯಲ್ಲಿ ಹಾಗಾದರೆ ಹೋಗಿ ಬೇಡವೆಂದು ಹೇಳಿ. ಇನ್ನು ಸದೆ ತೆಗೆಯಲು ಕೂಲಿ ಹೆಣ್ಣುಮಕ್ಕಳನ್ನು ಕರೆಯುವ ಮನೆಯವರು ಕೂಲಿ ಕೊಟ್ಟೆವೆಂದು ಸುಮ್ಮನಾಗಬಾರದು. ಕೈಚೀಲ, ಸಾಬೂನು, ಒಂದು ಕೊಡ ನೀರು ಇಷ್ಟಾದರೂ ಕೊಡಿ. ಇಡೀ ಮಳೆಗಾಲ ಆ ಕಸದಲ್ಲೇ ಕೂತು ಕೆಲಸ ಮಾಡುವವರು ಅವರು, ಡಾಕ್ಟರ ಬಳಿ ಹೋಗಲು ದುಡ್ಡಿಲ್ಲದವರೂ ಅವರೇ.

ಕಿತ್ತ ಜಾಗ ಬರಿದಾಗಿ ಬಿಟ್ಟರೆ ಮತ್ತೆ ಅದೇ ಹುಟ್ಟುತ್ತದೆ, ಮಣ್ಣಿನಲ್ಲಿ ಹಳೆಯ ಬೀಜ ವರ್ಷಗಟ್ಟಲೆ ಇರುತ್ತದೆ. ಅಲ್ಲಿ ಚೆಂಡುಹೂ ಹಾಕಿ, ಇಲ್ಲವೆ ತಗಚೆ ಬೀಜ ಎರಚಿ. ಅವು ದಟ್ಟವಾಗಿ ಬೆಳೆದು ಇದನ್ನು ಹತ್ತಿಕ್ಕುತ್ತವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹಾದೇವಪ್ಪನವರು ಈ ಕಳೆಯ ಹತೋಟಿಗಾಗಿ ಬಹಳ ದುಡಿದವರು. ಲೀಟರ್ ನೀರಿಗೆ 200 ಗ್ರಾಂ ಉಪ್ಪು ಕರಗಿಸಿ ಸಿಂಪಡಿಸಿದರೂ ಎಳೆಯ ಗಿಡ ಸುಡುತ್ತದೆ. ಆದರೆ ಫರಸಿಯ ಸಂದಿಗೆ, ಗೋಡೆಯ ಬುಡಕ್ಕೆ ಮಾತ್ರ ಅದು ಸರಿ. ಮೊದಲೇ ಸವುಳು ಹೆಚ್ಚುತ್ತಿರುವ ನಮ್ಮ ಮಣ್ಣಿಗೆ ಉಪ್ಪು ಸುರಿಯಬೇಡಿ. ಮಳೆಗಾಲದಲ್ಲಿ ಎಲೆಯ ಮೇಲೆ ಕಂದು ಗೆರೆಯ ಸಣ್ಣ ಜೀರುಂಡೆ ಕಂಡರೆ ಹಾಗೇ ಬಿಡಿ. ಅದು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳು, ಇದರ ಎಲೆ ತಿನ್ನುವುದೇ ಅದರ ಕೆಲಸ.

"ಹಾಗಾದರೆ ಬಳ್ಳಾರಿ ಜಾಲಿಯನ್ನೂ ಕೀಳೋಣವೇ?" ಎಂದು ಓಣಿಯ ಹುಡುಗಿಯೊಬ್ಬಳು ಕೇಳಿದಳು. ಅದೂ ಹೊರಗಿನದೇ. ಡೋಣಿ ಹೊಳೆಯ ದಂಡೆಗುಂಟ ಹೇಗೆ ಹಬ್ಬಿದೆ ನೋಡಿದ್ದೀರಲ್ಲ. ಆಡು ಕುರಿ ಕಾಯಿ ತಿಂದು ಹಿಕ್ಕೆಯ ಜೊತೆ ಬೀಜ ಹಾಕುತ್ತ ಹೋಗುತ್ತವೆ. ಆದರೆ ಅದರ ಕಟ್ಟಿಗೆಯಿಂದ ಎಷ್ಟೋ ಬಡವರ ಒಲೆ ಉರಿಯುತ್ತದೆ. ಮೇಲೆ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತದೆ, ಬುಡ ಅಗೆದು ತೆಗೆಯಬೇಕು. ಅದು ನಮ್ಮ ಎರಡು ಬೆಳಗಿನ ಕೆಲಸವಲ್ಲ. ಇನ್ನೊಮ್ಮೆ ಬರೆದೇನು.

ಬಬಲೇಶ್ವರದ ಸೋದರಿಯೇ, ನಿಮ್ಮದೂ ಇದೇ ಎಂದು ನಾನು ಹೇಳಲಾರೆ, ತುರಿಕೆಗೆ ಕಾರಣ ಹತ್ತಿರಬಹುದು. ಮನೆಯ ಸುತ್ತ ಈ ಗಿಡ ಇದೆಯೇ ನೋಡಿ, ಇದ್ದರೆ ನೀವು ಮುಟ್ಟಬೇಡಿ, ಬೇರೆಯವರಿಂದ ಕೀಳಿಸಿ. ವಿಜಯಪುರಕ್ಕೆ ಬಂದು ಚರ್ಮದ ಡಾಕ್ಟರಿಗೆ ತೋರಿಸಿ, ಗಿಡದ ವಿಷಯವನ್ನೂ ಹೇಳಿ. ಅಂಗಡಿಯ ಮುಲಾಮನ್ನು ನಿಮ್ಮಷ್ಟಕ್ಕೆ ನೀವೇ ತಿಂಗಳುಗಟ್ಟಲೆ ಹಚ್ಚಬೇಡಿ, ಕೆಲವು ಮುಲಾಮುಗಳಿಂದ ಚರ್ಮ ತೆಳುವಾಗುತ್ತದೆ. ಡಾಕ್ಟರು ಹತ್ತುವ ರೋಗವಲ್ಲ ಎಂದರೆ ನಿಮ್ಮ ಅತ್ತೆಯವರನ್ನೂ ಒಳಗೆ ಕರೆದು ಅವರ ಬಾಯಿಂದಲೇ ಕೇಳಿಸಿ. ನಾವು ಹೇಳುವುದಕ್ಕಿಂತ ಅದು ಬೇಗ ತಲೆಗೆ ಹೋಗುತ್ತದೆ.

ವೈನಿಗೆ ಪೂರ್ತಿ ಗುಣವಾಗಿಲ್ಲ. ಗಾಳಿ ಜೋರಾದ ದಿನ ಇನ್ನೂ ಕುತ್ತಿಗೆ ತುರಿಸುತ್ತದೆ, ದೂರದ ರಸ್ತೆಬದಿಯದು ಹಾಗೇ ಇದೆಯಲ್ಲ. ಹಿಂದಿನ ಪ್ಲಾಟಿನಲ್ಲಿ ಮಾತ್ರ ಹೋದ ದೀಪಾವಳಿಗೆ ಓಣಿಗೆಲ್ಲ ಸಾಲುವಷ್ಟು ಚೆಂಡುಹೂ ಬಿಟ್ಟಿತ್ತು. ಮೊನ್ನೆ ಫೋನು ಮಾಡಿದ್ದರು: "ಮಳಿ ಆಗೇದ ತಂಗಿ, ಸಸಿ ಎದ್ದಾವ. ಯಾವಾಗ ಬರ್ತಿ?" ಬರುವ ಗುರುವಾರ ಹೊರಟಿದ್ದೇನೆ. ಪಂಚಮಿ ಸಂಚಿಕೆಗೆ ಶೇಂಗಾ ಉಂಡಿ, ತಂಬಿಟ್ಟಿನ ಅಳತೆಯನ್ನೂ ಅವರನ್ನೇ ಕೇಳಿ ಬರೆದುಕೊಂಡು ಬರುತ್ತೇನೆ.