ರೌಂಡ್ ಫಿಗರ್ ಬೇಡ ಸ್ವಾಮಿ!

ಬ್ಯಾಂಕಿನಲ್ಲಿ ಪೈಸೆ ಪೈಸೆ ಲೆಕ್ಕ ನೋಡುವವನು ನಾನು. ಆದರೆ ಪೆಟ್ರೋಲ್ ಪಂಪಿನಲ್ಲಿ ಮಾತ್ರ ರೌಂಡ್ ಫಿಗರ್ ಬೇಡ ಅಂತೀನಿ. ಯಾಕೆ ಗೊತ್ತಾ?

ಟ್ಯಾಂಕ್ ತುಂಬಿ ನಾಝಲ್ ತಾನಾಗಿ ‘ಟಕ್’ ಅಂತ ನಿಂತ ಮೇಲೂ ನಮ್ಮ ಜನ "ಭೈಯಾ, ಪೂರಾ ಪಾಂಚ್‌ಸೌ ಕರೋ" ಅಂತಾರೆ. ಆಗ ಉಕ್ಕುವ ಆವಿ ಹೋಗುವುದು ಬಗ್ಗಿ ನಿಂತ ಆ ಹುಡುಗನ ಮೂಗಿಗೆ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ. ನಮ್ಮ ದೇಶದ ಮಿತಿ ಶೇ. 1. ಅದು ರಕ್ತದ ಕ್ಯಾನ್ಸರ್ ತರಬಲ್ಲದು ಅನ್ನುವುದು ಸಾಬೀತಾದ ವಿಷಯ. ನಮಗೆ ಎರಡು ನಿಮಿಷದ ವಾಸನೆ, ಅವನಿಗೆ ದಿನವಿಡೀ!

ಆವಿ ಹೀರಿಕೊಳ್ಳುವ ನಾಝಲ್, ಕೈಗವಸು, ಸೋಪು-ನೀರು, ವರ್ಷಕ್ಕೊಮ್ಮೆ ರಕ್ತಪರೀಕ್ಷೆ.. ಇವು ಮಾಲೀಕರ ಜವಾಬ್ದಾರಿ, ಕೊಡಲೇಬೇಕು. ಮೊದಲ ‘ಟಕ್’ಗೇ ಸಾಕು ಅನ್ನುವುದು ನಮ್ಮದು. ಅದಕ್ಕೆ ನಯಾಪೈಸೆ ಖರ್ಚಿಲ್ಲ, ಅಲ್ವೇ?