777 ಹಾಕುವ ಮುಂಚೆ

ಅಂಜನಾಪುರ ಅಂದ ಕೂಡಲೇ ನಮ್ಮ ಹಾಸ್ಟೆಲ್‌ನಲ್ಲಿ ಅರ್ಧ ಜನ ಬೆಂಗಳೂರಿನ ಕನಕಪುರ ರಸ್ತೆ ಕಡೆ ಕೈ ತೋರಿಸ್ತಾರೆ. ನಾವು ಹೇಳ್ತಿರೋದು ಶಿಕಾರಿಪುರದ ಅಂಜನಾಪುರ, ಕುಮುದ್ವತಿ ನದಿಗೆ ಕಟ್ಟಿದ ಜಲಾಶಯ ಇರುವ ಊರು. ನಮ್ಮ ಪ್ರಾಜೆಕ್ಟ್ ತಂಡದ ನಾಲ್ವರಲ್ಲಿ ಒಬ್ಬನ ಮನೆ ಅಲ್ಲಿದೆ. ಕಳೆದ ಮಳೆಗಾಲದಲ್ಲಿ ಅವನ ದೊಡ್ಡಪ್ಪನ ಅಡಿಕೆ ತೋಟದಲ್ಲಿ ಕೊಳೆರೋಗದ ಫೋಟೋ ತೆಗೆದೆವು. ಅದೇ ಮರ, ಅದೇ ಗೊನೆ, ದಿನಕ್ಕೊಂದು ಫೋಟೋ. ರೋಗ ಕಾಯಿಗೆ ತಗಲುವ ಮೊದಲ ಗುರುತನ್ನು ಕಂಪ್ಯೂಟರ್‌ಗೆ ಕಲಿಸಬೇಕು ಅನ್ನೋದು ನಮ್ಮ ಆಸೆ. ಅದಕ್ಕಾಗಿ ದೊಡ್ಡಪ್ಪ ತೋಟದ ಅಂಚಿನ ನಾಲ್ಕು ಮರಗಳಿಗೆ ಬೋರ್ಡೋ ದ್ರಾವಣ ಹೊಡೆಸದೆ ಬಿಟ್ಟಿದ್ರು. ಆ ನಾಲ್ಕು ಮರದ ಫಸಲು ಕಣ್ಣೆದುರೇ ಉದುರಿತು. "ಹುಡುಗರ ಓದಿಗೆ ಆಯ್ತಲ್ಲ, ಹೋಗ್ಲಿ ಬಿಡು" ಅಂದ್ರು.

ಆ ಫೋಟೋಗಳಲ್ಲಿ ಮುಕ್ಕಾಲು ಪಾಲು ಈಗ ಇಲ್ಲ. ವೈರಸ್ ಬಂದಿರಲಿಲ್ಲ, ಡಿಸ್ಕ್ ಕೆಟ್ಟಿರಲಿಲ್ಲ. ಹೋಗಿದ್ದು ನಾವೇ ಹಾಕಿದ ಒಂದು ಆಜ್ಞೆಯಿಂದ: ಸುಡೋ ಚಮಾಡ್ -ಆರ್ 777. ಲ್ಯಾಬ್‌ನಲ್ಲಿ ಕೂತು ಇದನ್ನು ಒಮ್ಮೆಯೂ ಟೈಪ್ ಮಾಡದವರು ನಮ್ಮ ಕ್ಯಾಂಪಸ್‌ನಲ್ಲಿ ಇದ್ದರೆ ಕೈ ಎತ್ತಿ. ಹಾಗಾಗಿ ಈ ಮಾತು ನಮಗೂ, ನಿಮಗೂ.

ಆಗಿದ್ದು ಇಷ್ಟು. ಅಂಜನಾಪುರದ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಅದಕ್ಕೆ ಉಬುಂಟು ಹಾಕಿ, ಒಂದು ಹಾರ್ಡ್ ಡಿಸ್ಕ್ ಜೋಡಿಸಿ, ಎನ್‌ಎಫ್‌ಎಸ್ ಮೂಲಕ ಹಂಚಿದೆವು. ಗೆಳೆಯ ಲ್ಯಾಪ್‌ಟಾಪ್‌ನಿಂದ ಫೋಟೋ ಹಾಕ್ತಿದ್ದ. ಆದರೆ ಹಳೇ ಕಂಪ್ಯೂಟರ್ ಮುಂದೆ ಕೂತರೆ ತನ್ನದೇ ಫೋಟೋದ ಹೆಸರು ಬದಲಿಸೋಕೆ ಬಿಡ್ತಿರಲಿಲ್ಲ: 'ಪರ್ಮಿಷನ್ ಡಿನೈಡ್'. ನೋಡಿದರೆ ಎಲ್ಲ ಫೋಟೋಗಳ ಒಡೆತನ ದೊಡ್ಡಪ್ಪನ ಮಗಳ ಹೆಸರಲ್ಲಿದೆ! ಅಕ್ಕ ಒಂದು ಫೋಟೋನೂ ತೆಗೆದವಳಲ್ಲ.

ಕಾರಣ ಸರಳ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿದ ಈ ಎನ್‌ಎಫ್‌ಎಸ್, ಸಾಮಾನ್ಯ ಜೋಡಣೆಯಲ್ಲಿ ನಿಮ್ಮ ಹೆಸರು ಕೇಳೋದಿಲ್ಲ, ಪಾಸ್‌ವರ್ಡೂ ಕೇಳೋದಿಲ್ಲ. ನಿಮ್ಮ ಯಂತ್ರ ಕಳಿಸುವ ಬಳಕೆದಾರ ಸಂಖ್ಯೆಯನ್ನು ನಂಬುತ್ತೆ, ಅಷ್ಟೇ. ಉಬುಂಟುವಿನಲ್ಲಿ ಮೊದಲ ಬಳಕೆದಾರನಿಗೆ 1000, ಎರಡನೆಯವನಿಗೆ 1001. ಹಳೇ ಕಂಪ್ಯೂಟರ್‌ನಲ್ಲಿ ಮೊದಲ ಖಾತೆ ಅಕ್ಕನದು, ಎರಡನೆಯದು ಗೆಳೆಯನದು. ಲ್ಯಾಪ್‌ಟಾಪ್‌ನಲ್ಲಿ ಅವನೇ ಮೊದಲಿಗ. ಎರಡೂ ಕಡೆ ಹೆಸರು ಒಂದೇ, ಸಂಖ್ಯೆ ಮಾತ್ರ ಬೇರೆ. ಮ್ಯಾಕ್ ತಂದಿದ್ದರೆ ಇನ್ನೂ ಮಜಾ. ಅಲ್ಲಿ ಮೊದಲ ಬಳಕೆದಾರ 501.

ರಜೆ ಮುಗಿದ ಮೇಲೆ ಆ ಡಿಸ್ಕ್ ತಂದು, ಒಡೆತನದ ಸಂಖ್ಯೆಗಳ ಸಮೇತ ಲ್ಯಾಬೊಂದರ ಸ್ಟೋರೇಜ್‌ಗೆ ಕಾಪಿ ಮಾಡಿದೆವು. ಅಲ್ಲಿ 1000 ಅಂದರೆ ಇನ್ಯಾರೋ. ನಾಲ್ವರಿಗೂ ಫೋಟೋ ಓದೋಕೆ ಬರ್ತಿತ್ತು, ಲೇಬಲ್ ಸೇವ್ ಮಾಡೋಕೆ ಬರ್ತಿರಲಿಲ್ಲ. ಮಾರನೇ ದಿನ ರಿವ್ಯೂ. ಅಡ್ಮಿನ್ ಪಾಸ್‌ವರ್ಡ್ ಬೋರ್ಡ್ ಮೇಲೇ ಬರೆದಿತ್ತು. ಒಬ್ಬರು 777 ಹೊಡೆದರು, ಉಳಿದ ಮೂವರು ಚಪ್ಪಾಳೆ ತಟ್ಟಿದೆವು. ಮೂರು ವಾರದ ನಂತರ ಸ್ಟೋರೇಜ್ ತುಂಬಿತು. ಜಾಗ ಮಾಡಿಕೊಳ್ಳೋಕೆ ಹೋದ ಯಾರೋ ಜೂನಿಯರ್‌ಗಳು 'ಟೆಸ್ಟ್ ಫೋಟೋ' ಅನ್ನೋ ಫೋಲ್ಡರ್‌ಗಳನ್ನು ಅಳಿಸಿದರು. ಹೆಸರು ಇಟ್ಟಿದ್ದೂ ನಾವೇ. ನೆಟ್‌ವರ್ಕ್‌ನಲ್ಲಿ ಅಳಿಸಿದ್ದು ರಿಸೈಕಲ್ ಬಿನ್‌ಗೆ ಬೀಳಲಿಲ್ಲ. ಜೂನಿಯರ್‌ಗಳ ಮೇಲೆ ನಮಗೆ ಸಿಟ್ಟಿಲ್ಲ. ಅಳಿಸಬಹುದು ಅಂತ ಬರೆದುಕೊಟ್ಟವರು ನಾವು.

ಇಲ್ಲೇ ನಮ್ಮ ವಾದ ಇರೋದು. 777 ಅನುಮತಿಯ ಸಮಸ್ಯೆಯನ್ನು ಬಿಡಿಸೋದಿಲ್ಲ, 'ಇದು ಯಾರದು?' ಅನ್ನೋ ಪ್ರಶ್ನೆಯನ್ನೇ ಅಳಿಸಿಬಿಡುತ್ತೆ. ಓದೋಕೆ 4, ಬರೆಯೋಕೆ 2, ಒಳಗೆ ಹೋಗೋಕೆ ಅಥವಾ ನಡೆಸೋಕೆ 1, ಒಟ್ಟು 7. ಅದನ್ನು ಒಡೆಯನಿಗೆ, ಗುಂಪಿಗೆ, ಉಳಿದ ಎಲ್ಲರಿಗೂ ಕೊಟ್ಟರೆ 777. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಲಿನಕ್ಸ್‌ನಲ್ಲಿ ಫೈಲ್ ಅಳಿಸೋಕೆ ಆ ಫೈಲ್ ಮೇಲೆ ಹಕ್ಕು ಬೇಕಿಲ್ಲ, ಅದು ಇರುವ ಫೋಲ್ಡರ್ ಮೇಲೆ ಬರೆಯುವ ಹಕ್ಕಿದ್ದರೆ ಸಾಕು. ಫೋಲ್ಡರ್ ತೆರೆದಿಟ್ಟು, ಫೈಲ್‌ಗಳನ್ನು ಮಾತ್ರ ಓದಲಷ್ಟೇ ಅಂತ ಮಾಡಿ ನೆಮ್ಮದಿಯಾಗಿ ಮಲಗಬೇಡಿ.

ಹಾಗಾದ್ರೆ 'ಪರ್ಮಿಷನ್ ಡಿನೈಡ್' ಬಂದಾಗ ಏನು ಮಾಡಬೇಕು? ನಾವು ಪೆಟ್ಟು ತಿಂದ ಮೇಲೆ ಕಲಿತ ಕ್ರಮ ಇದು.

ಮೊದಲು, ಈ ಉತ್ತರ ಬಂದಿದೆ ಅಂದರೆ ಸಾಮಾನ್ಯವಾಗಿ ಕೇಬಲ್, ವೈಫೈ ಸರಿ ಇದೆ ಅಂತ ಅರ್ಥ. ಸರ್ವರ್ ನಿಮ್ಮ ಮಾತು ಕೇಳಿಸಿಕೊಂಡು 'ಆಗಲ್ಲ' ಅಂದಿದೆ. ರೂಟರ್ ಆಫ್ ಮಾಡಿ ಆನ್ ಮಾಡಬೇಡಿ.

ಎರಡನೆಯದು, ನಾನು ಯಾರು ಅಂತ ಸರ್ವರ್ ಅಂದುಕೊಂಡಿದೆ? ಎರಡೂ ಯಂತ್ರದಲ್ಲಿ 'ಐಡಿ' ಅಂತ ಟೈಪ್ ಮಾಡಿ ಸಂಖ್ಯೆ ಹೋಲಿಸಿ. 'ಎಲ್‌ಎಸ್ -ಎಲ್‌ಎನ್' ಕೊಟ್ಟರೆ ಫೈಲ್ ಒಡೆಯರ ಹೆಸರಿನ ಬದಲು ಸಂಖ್ಯೆಯೇ ಕಾಣುತ್ತೆ. ನಮ್ಮ ಗಂಟು ಬಿಚ್ಚಿದ್ದು ಇಲ್ಲೇ. ಸುಡೋ ಹಾಕಿದರೂ ಎನ್‌ಎಫ್‌ಎಸ್ ಒಪ್ಪದಿದ್ದರೆ ಗಾಬರಿ ಬೇಡ. ದೂರದ ಯಂತ್ರದ ರೂಟ್ ಅನ್ನು 'ನೋಬಡಿ' ಅಂತ ಇಳಿಸೋದು ಲಿನಕ್ಸ್ ಎನ್‌ಎಫ್‌ಎಸ್ ಸರ್ವರ್‌ನ ಮೂಲ ನಿಯಮ. ಸಾಂಬಾ ಆದರೆ ಅದರ ಪಾಸ್‌ವರ್ಡ್ ಪಟ್ಟಿ ಸಾಮಾನ್ಯವಾಗಿ ಬೇರೆ. ಲಿನಕ್ಸ್ ಖಾತೆ ಇದ್ದರೂ 'ಎಸ್‌ಎಂಬಿಪಾಸ್‌ವರ್ಡ್'ನಲ್ಲಿ ಸೇರಿಸದೆ ಒಳಗೆ ಬಿಡೋದಿಲ್ಲ. ವಿಂಡೋಸ್‌ನಲ್ಲಿ ಹಳೇ ಹೆಸರು ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಕೂತಿರುತ್ತೆ. ಒಂದೇ ಸರ್ವರ್‌ಗೆ ಎರಡು ಹೆಸರಲ್ಲಿ ಒಟ್ಟಿಗೆ ಹೋದರೆ 1219 ಅನ್ನೋ ದೋಷ ಬರುತ್ತೆ. 'ನೆಟ್ ಯೂಸ್' ಕೊಟ್ಟು ನೋಡಿ, ಹಳೇ ಸಂಪರ್ಕ ಕಡಿದು ಮತ್ತೆ ಹೋಗಿ.

ಮೂರನೆಯದು, ದಾರಿಯ ಎಲ್ಲ ಬಾಗಿಲೂ ತೆರೆದಿವೆಯಾ? ಒಳಗಿನ ಫೋಲ್ಡರ್‌ಗೆ ಎಷ್ಟು ಹಕ್ಕು ಕೊಟ್ಟರೂ, ಮೇಲಿನ ಒಂದು ಫೋಲ್ಡರ್‌ನಲ್ಲಿ ಒಳಹೋಗುವ ಹಕ್ಕಿಲ್ಲದಿದ್ದರೆ ಅಲ್ಲೇ ನಿಲ್ತೀರಿ. 'ನೇಮ್‌ಐ -ಎಲ್' ಇಡೀ ದಾರಿಯನ್ನು ಸಾಲಾಗಿ ತೋರಿಸುತ್ತೆ.

ನಾಲ್ಕನೆಯದು, ಕಾವಲು ಎರಡು ಹಂತದಲ್ಲಿದೆ. ವಿಂಡೋಸ್‌ನಲ್ಲಿ ಶೇರಿಂಗ್ ಅನುಮತಿ ಬೇರೆ, ಸೆಕ್ಯುರಿಟಿ ಟ್ಯಾಬ್ ಬೇರೆ. ನೆಟ್‌ವರ್ಕ್‌ನಿಂದ ಬಂದವರಿಗೆ ಎರಡರಲ್ಲಿ ಬಿಗಿಯಾದದ್ದೇ ಅನ್ವಯ. ಸಾಂಬಾ, ಎನ್‌ಎಫ್‌ಎಸ್‌ನಲ್ಲೂ ಹಾಗೇ: ಶೇರ್ 'ರೀಡ್ ಓನ್ಲಿ' ಇದ್ದರೆ ಒಳಗೆ 777 ಹಾಕಿಯೂ ಬರೆಯೋಕಾಗಲ್ಲ.

ಐದನೆಯದು, ಡಿಸ್ಕ್‌ಗೆ ಅನುಮತಿ ಅನ್ನೋದು ಗೊತ್ತಾ? ಎಕ್ಸ್‌ಫ್ಯಾಟ್ ಡಿಸ್ಕ್‌ನಲ್ಲಿ ಲಿನಕ್ಸ್ ಒಡೆತನ ಬರೆದಿಡೋಕೆ ಜಾಗವೇ ಇಲ್ಲ. ಅಲ್ಲಿ ಮೌಂಟ್ ಮಾಡುವಾಗಲೇ ಯಾರ ಹೆಸರಲ್ಲಿ ಅಂತ ಹೇಳಬೇಕು.

ಇನ್ನು ಸರಿಯಾದ ಮದ್ದು. ತಂಡಕ್ಕೊಂದು ಗುಂಪು ಮಾಡಿ, ನಾಲ್ವರನ್ನೂ ಸೇರಿಸಿ. ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಬನ್ನಿ, ಇಲ್ಲದಿದ್ದರೆ ಹೊಸ ಗುಂಪು ಲೆಕ್ಕಕ್ಕೆ ಬರಲ್ಲ. ಪ್ರಾಜೆಕ್ಟ್ ಫೋಲ್ಡರ್ ಅನ್ನು ಆ ಗುಂಪಿಗೆ ಬರೆದು, ಫೋಲ್ಡರ್‌ಗಳಿಗೆ ಮಾತ್ರ 2775 ಕೊಡಿ. ಮುಂದಿನ 2ರಿಂದಾಗಿ ಒಳಗೆ ಹುಟ್ಟುವ ಹೊಸ ಫೈಲ್‌ಗಳೂ ಅದೇ ಗುಂಪಿಗೆ ಸೇರುತ್ತವೆ. ಯುಮಾಸ್ಕ್ 002 ಇಟ್ಟರೆ ಗುಂಪಿನವರು ಒಬ್ಬರ ಫೈಲ್ ಒಬ್ಬರು ತಿದ್ದಬಹುದು. ಹೊರಗಿನವರು ಓದಬಹುದು, ಅಳಿಸೋಕಾಗಲ್ಲ. ಹತ್ತು ನಿಮಿಷದ ಕೆಲಸ.

"ನಾಳೆ ವೈವಾ ಇದ್ದಾಗ ಇದಕ್ಕೆಲ್ಲ ಟೈಮ್ ಎಲ್ಲಿದೆ?" ಅಂತೀರಿ. ನಿಜ, ಇದಕ್ಕೆ ಮಾರ್ಕ್ಸ್ ಇಲ್ಲ. ಆದರೆ ನಾವು ಕಳೆದುಕೊಂಡಿದ್ದು ಹತ್ತು ನಿಮಿಷ ಅಲ್ಲ, ಒಂದು ಮಳೆಗಾಲ. ಕೋಡ್ ಮತ್ತೆ ಬರೆಯಬಹುದು, ಹೋದ ಮಳೆ ತಿರುಗಿ ಬರೋದಿಲ್ಲ. ಇದು ಬರೀ ಲ್ಯಾಬ್ ಮಾತೂ ಅಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಜಗತ್ತಿನಾದ್ಯಂತ ಹಬ್ಬಿದ್ದು ಇದೇ ಫೈಲ್ ಹಂಚಿಕೆಯ ಹಳೇ ಎಸ್‌ಎಂಬಿ ದಾರಿಯಲ್ಲಿದ್ದ ದೋಷದಿಂದ. ಅದು ಅನುಮತಿಯ ತಪ್ಪಲ್ಲ ನಿಜ. ಆದರೆ ಅಂಥದ್ದೊಂದು ಒಳಗೆ ಬಂದರೆ ನಿಮಗೆ ಬರೆಯುವ ಹಕ್ಕಿರುವ ಕಡೆಯೆಲ್ಲ ಅದಕ್ಕೂ ಬರೆಯುವ ಹಕ್ಕು ಸಿಗುತ್ತೆ.

ಹಾಗಂತ ಎಲ್ಲಕ್ಕೂ ಬೀಗ ಜಡಿದು ಕೀಲಿ ಊರಿಗೆ ಒಯ್ಯೋದೂ ಸರಿಯಲ್ಲ. ಪಾಸಾಗಿ ಹೋದ ಸೀನಿಯರ್ ಹೆಸರಲ್ಲಿ 700 ಆಗಿ ಕೂತ ಫೋಲ್ಡರ್‌ಗಳು ಎಷ್ಟೋ ಇವೆ. ಅವರ ದುಡಿಮೆಯೂ ಯಾರಿಗೂ ದಕ್ಕಲಿಲ್ಲ.

ವಿಷಯ ತಿಳಿಸೋಕೆ ಅಂಜನಾಪುರಕ್ಕೆ ಹೋದಾಗ ದೊಡ್ಡಪ್ಪ ಬಯ್ಯಲಿಲ್ಲ. ಕಾಲುವೆ ಕಡೆ ತೋರಿಸಿ ಕೇಳಿದರು: "ತೂಬು ಎಲ್ಲರೂ ಎತ್ತಬಹುದು ಅಂದ್ರೆ ಕೊನೇ ಗದ್ದೆಗೆ ನೀರು ಹೋಗ್ತದೇನೋ? ಅದಕ್ಕೇ ನೀರುಗಂಟಿ ಅಂತ ಒಬ್ಬ ಇರೋದು. ನೀರು ಅವನದಲ್ಲ, ಲೆಕ್ಕ ಅವನದು. ನಿಮ್ಮಲ್ಲಿ ಯಾರು?" ನಾಲ್ವರೂ ಮುಖ ಮುಖ ನೋಡಿಕೊಂಡೆವು.

ಆದ್ದರಿಂದ ನಾವು ಕೇಳೋದು ಮೂರೇ. ಪ್ರತಿ ಪ್ರಾಜೆಕ್ಟ್ ತಂಡಕ್ಕೂ ಸ್ಟೋರೇಜ್‌ನಲ್ಲಿ ಒಂದು ಗುಂಪು, ಒಬ್ಬ ನೀರುಗಂಟಿ ಇರಲಿ. ಎಲ್ಲ ಲ್ಯಾಬ್ ಯಂತ್ರಗಳಲ್ಲೂ ಒಬ್ಬರಿಗೆ ಒಂದೇ ಸಂಖ್ಯೆ ಇರಲಿ. ಮುಗಿದ ಪ್ರಾಜೆಕ್ಟ್‌ಗಳು ಎಲ್ಲರೂ ಓದಬಹುದಾದ, ಯಾರೂ ಅಳಿಸಲಾಗದ ಜಾಗಕ್ಕೆ ಹೋಗಲಿ, ಇನ್ನೊಂದು ಕಾಪಿ ಬೇರೆ ಡಿಸ್ಕ್‌ನಲ್ಲಿರಲಿ. ಎಷ್ಟೇ ಸರಿಯಾದ ಅನುಮತಿಯೂ ಬ್ಯಾಕಪ್ ಆಗೋದಿಲ್ಲ.

ಈ ಮಳೆಗಾಲಕ್ಕೆ ನಾವು ಮತ್ತೆ ಅಂಜನಾಪುರಕ್ಕೆ ಹೋಗ್ತಿದ್ದೀವಿ. ಈ ಸಲ ದೊಡ್ಡಪ್ಪ ಎರಡೇ ಮರ ಬಿಟ್ಟುಕೊಟ್ಟಿದ್ದಾರೆ. ನೀವು ಇವತ್ತು ರಾತ್ರಿ ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಒಮ್ಮೆ 'ಎಲ್‌ಎಸ್ -ಎಲ್‌ಎನ್' ಕೊಟ್ಟು ನೋಡಿ. ಒಡೆಯನ ಜಾಗದಲ್ಲಿ ಇರೋ ಸಂಖ್ಯೆ ಯಾರದು ಅಂತ ನಿಮಗೆ ಗೊತ್ತಾ?