ಮೊಬೈಲಿನ ಪ್ರಯೋಗ ಸಾಕೇ?

ಈಗ ಮೊಬೈಲಿನಲ್ಲೇ ವಿಜ್ಞಾನದ ಪ್ರಯೋಗ ಮಾಡಬಹುದು, ಇನ್ನು ಶಾಲೆಗೆ ಪ್ರಯೋಗದ ಸಾಮಾನು ಎಂತಕ್ಕೆ ಎಂದು ಕೆಲವರು ಕೇಳುತ್ತಾರೆ. ಇದರ ಬಗ್ಗೆ ನನ್ನ ಅಭಿಪ್ರಾಯ ಬರೆದಿದ್ದೇನೆ.

ಮೊದಲು ಅದರ ಒಳ್ಳೆಯ ಗುಣ ಹೇಳ್ತೇನೆ. ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬಯಿಯ ಸಿ-ಡ್ಯಾಕ್ ಸೇರಿ 'ಓಲ್ಯಾಬ್ಸ್' ಎಂಬ ಆನ್‌ಲೈನ್ ಪ್ರಯೋಗಾಲಯ ಮಾಡಿದ್ದಾರೆ. ಅದರಲ್ಲಿ 9ರಿಂದ 12ನೇ ತರಗತಿಯವರ ಪ್ರಯೋಗಗಳಿವೆ. ನಮ್ಮ ಹತ್ತಿರದ ಸುರತ್ಕಲ್ಲಿನ ಎನ್.ಐ.ಟಿ.ಕೆ. ಕೂಡ ಕೇಂದ್ರ ಸರಕಾರದ 'ವರ್ಚುವಲ್ ಲ್ಯಾಬ್ಸ್' ಯೋಜನೆಯಲ್ಲಿ ಸೇರಿದೆ. ಇವುಗಳಲ್ಲಿ ಆಮ್ಲ ಚೆಲ್ಲಿ ಕೈ ಸುಡುವ ಹೆದರಿಕೆ ಇಲ್ಲ. ಗಾಜು ಒಡೆಯುವುದಿಲ್ಲ. ಹತ್ತು ಸಲ ಬೇಕಾದರೂ ಮಾಡಬಹುದು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಇಂಥದ್ದು ಬೇಕು ಎಂದು ಎಲ್ಲರಿಗೂ ಗೊತ್ತಾಯಿತು.

ಆದರೆ ನಮ್ಮ ಊರಿನ ಕಷ್ಟವೂ ಉಂಟು. ಕುಂದಾಪುರ, ಬೈಂದೂರು ಕಡೆ ಜೋರು ಮಳೆಗೆ ಶಾಲೆಗೆ ರಜೆ ಕೊಡುತ್ತಾರೆ. ಅದೇ ದಿನ ಕರೆಂಟೂ ಹೋಗುತ್ತದೆ, ನೆಟ್‌ವರ್ಕೂ ಹೋಗುತ್ತದೆ. ಕೆಲವರ ಮನೆಯಲ್ಲಿ ಇರುವುದು ಒಂದೇ ಮೊಬೈಲ್. ಅಪ್ಪಯ್ಯ ಬೋಟಿಗೆ ಹೋದರೆ ಅದೂ ಸಂಗಡ ಹೋಗುತ್ತದೆ. ಅಂಥ ಮಕ್ಕಳು ಏನು ಮಾಡಬೇಕು?

ಇನ್ನೊಂದು ಮಾತು. ಮೊಬೈಲಿನ ಪ್ರಯೋಗದಲ್ಲಿ ಅವರು ಮೊದಲೇ ಹಾಕಿಟ್ಟ ಉತ್ತರ ಮಾತ್ರ ಬರುತ್ತದೆ. ಅದರೊಳಗೆ ನಮ್ಮ ಮನೆ ಬಾವಿಯ ನೀರು ಇಲ್ಲ. ಗಂಗೊಳ್ಳಿ ಅಳಿವೆಯ ನೀರನ್ನೂ ಬಾವಿ ನೀರನ್ನೂ ಬೇರೆ ಬೇರೆ ತಟ್ಟೆಯಲ್ಲಿ ಬಿಸಿಲಿಗೆ ಇಟ್ಟು, ಯಾವುದರಲ್ಲಿ ಎಷ್ಟು ಉಪ್ಪು ಉಳಿಯಿತು ಎಂದು ನಾವೇ ನೋಡಬೇಕು. ಆಗ 'ಹೀಗೆ ಯಾಕಾಯ್ತು?' ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ನನ್ನ ಅಜ್ಜಿ ಹೇಳುವುದು, "ಈಜೂಕೆ ಕಲೀಕಂದ್ರೆ ನೀರಿಗ್ ಇಳೀಕ್ ಅಲ್ದಾ?"

ಎಲ್ಲ ಪ್ರಯೋಗಕ್ಕೂ ದುಡ್ಡು ಬೇಕಂತಲೂ ಇಲ್ಲ. ಆರತಿಯ ಓಕುಳಿಗೆ ಅರಶಿನ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಸುಣ್ಣ ಪ್ರತ್ಯಾಮ್ಲವಾದ್ದರಿಂದ ಹಾಗಾಗುತ್ತದೆ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದ ರಸಕ್ಕೆ ಲಿಂಬೆಹುಳಿ ಹಿಂಡಿದರೆ ಗಾಢ ಗುಲಾಬಿ ಬಣ್ಣ, ಸಾಬೂನು ನೀರು ಹಾಕಿದರೆ ಹಸಿರು. ದಾಸವಾಳ ಯಾರ ಅಂಗಳದಲ್ಲಿ ಇಲ್ಲ ಹೇಳಿ?

ಆದ್ದರಿಂದ ಕೈಯಲ್ಲಿ ಮಾಡಲು ಆಗುವುದನ್ನು ಕೈಯಲ್ಲೇ ಮಾಡೋಣ. ಅಪಾಯದ್ದು, ತುಂಬಾ ದುಬಾರಿಯದ್ದು, ಕಣ್ಣಿಗೆ ಕಾಣದ್ದು ಇದ್ದರೆ ಪರದೆಯಲ್ಲಿ ನೋಡೋಣ. ಮಳೆಯ ರಜೆಗೆ ಮೊದಲೇ ಮನೆಯಲ್ಲಿ ಮಾಡುವ ಒಂದು ಪ್ರಯೋಗವನ್ನು ಕರಿಹಲಗೆಯಲ್ಲಿ ಬರೆದು ಕೊಟ್ಟರೆ ಕರೆಂಟ್ ಇಲ್ಲದಿದ್ದರೂ ಕಲಿಯಬಹುದು. ಶನಿವಾರ ಒಂದು ಅವಧಿಯನ್ನು ಪ್ರಯೋಗಕ್ಕೆ ಕೊಡಬೇಕೆಂದು ಗುರುಗಳಲ್ಲಿ ನನ್ನ ವಿನಂತಿ.

ನೀವೆಂತ ಹೇಳ್ತೀರಿ? ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.

– 7ನೇ ತರಗತಿಯ ವಿದ್ಯಾರ್ಥಿನಿ